ಡೋಣಿ ದಾಟುವ ಕೊಳವೆ: ಒಂದು ನಗರ, ಎರಡು ತಾಲ್ಲೂಕುಗಳ ಪ್ರತಿನಿಧಿಗಳಿಗೆ ಬಹಿರಂಗ ಪತ್ರ

ವಿಜಯಪುರ ಮಹಾನಗರ ಪಾಲಿಕೆಯ ಸದಸ್ಯರಿಗೆ, ತಿಕೋಟಾ ಮತ್ತು ಬಬಲೇಶ್ವರ ತಾಲ್ಲೂಕುಗಳ ಸ್ಥಳೀಯ ಸಂಸ್ಥೆಗಳ ಪ್ರತಿನಿಧಿಗಳಿಗೆ ಹಾಗೂ ನೀರು ಸರಬರಾಜಿನ ಹೊಣೆ ಹೊತ್ತ ಎಂಜಿನಿಯರುಗಳಿಗೆ,

ಮಾನ್ಯರೇ,

ಕೃಷ್ಣೆಯಿಂದ ವಿಜಯಪುರ ನಗರಕ್ಕೆ ಕುಡಿಯುವ ನೀರು ತರುವ ಮುಖ್ಯ ಕೊಳವೆಮಾರ್ಗವು ಡೋಣಿ ನದಿಯನ್ನು ದಾಟುವ ತಾಣದಲ್ಲಿ ಹಳೆಯ ಕೊಳವೆಯನ್ನು ತೆಗೆದು ಹೊಸದನ್ನು ಕೂಡಿಸುವ ಕೆಲಸವನ್ನು, ಅಷ್ಟೇ ವ್ಯಾಸದ ಮತ್ತು ಅಷ್ಟೇ ಉದ್ದದ ಇನ್ನೊಂದು ಕೊಳವೆಯ ಖರೀದಿಯೆಂದು ಎಣಿಸಬಾರದೆಂಬುದು ಈ ಪತ್ರದ ವಾದ. ನದಿ ದಾಟುವ ಆ ಕೆಲವೇ ನೂರು ಮೀಟರುಗಳು ನಗರದ ಆಸ್ತಿಯಾಗಿರುವಷ್ಟೇ ನದಿಯ ಮೇಲ್ಭಾಗದ ಹೊಲದವರ ಪ್ರಶ್ನೆಯೂ ಆಗಿವೆ. ಅಲ್ಲಿ ಕೊಳವೆ ಎಷ್ಟು ಎತ್ತರದಲ್ಲಿ, ಯಾವುದರ ಮೇಲೆ ಕೂತು, ಯಾವ ತಿಂಗಳಲ್ಲಿ ಬದಲಾಗಬೇಕೆಂಬುದನ್ನು ಪಾಲಿಕೆಯ ಸಭಾಂಗಣದಲ್ಲಿ ಮಾತ್ರವೇ ತೀರ್ಮಾನಿಸಿದರೆ ಆ ತೀರ್ಮಾನ ಅರ್ಧವಾಗಿಯೇ ಉಳಿಯುತ್ತದೆ.

ಭೂಗೋಳದಿಂದಲೇ ವಿಷಯ ಹೊರಡುತ್ತದೆ. ನಗರದ ದಕ್ಷಿಣಕ್ಕೆ ಸುಮಾರು 40 ಕಿಲೋಮೀಟರ್ ದೂರದ ಕೊಲ್ಹಾರದ ಬಳಿ, ಆಲಮಟ್ಟಿ ಜಲಾಶಯದ ಹಿನ್ನೀರಾಗಿ ನಿಂತ ಕೃಷ್ಣೆಯೇ ವಿಜಯಪುರದ ನೀರಿನ ಮುಖ್ಯ ಮೂಲ. ಭೂತನಾಳ ಕೆರೆ ಅದಕ್ಕೆ ಪೂರಕ. ಕೊಲ್ಹಾರಕ್ಕೂ ನಗರಕ್ಕೂ ನಡುವೆ, ಪಶ್ಚಿಮದಿಂದ ಪೂರ್ವಕ್ಕೆ ಅಡ್ಡವಾಗಿ ಡೋಣಿ ಹರಿಯುತ್ತದೆ. ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಜತ್ತ ತಾಲ್ಲೂಕಿನಲ್ಲಿ ಹುಟ್ಟುವ ಈ ನದಿ ತಿಕೋಟಾ ಸೀಮೆಯನ್ನು ಹಾದು, ಬಬಲೇಶ್ವರ ತಾಲ್ಲೂಕಿನ ಸಾರವಾಡದ ಬಳಿ ವಿಜಯಪುರ–ಬಬಲೇಶ್ವರ ರಸ್ತೆಯನ್ನು ಅಡ್ಡಹಾಯ್ದು, ಮುಂದೆ ನಗರದ ದಕ್ಷಿಣದ ಬಯಲಿನಲ್ಲಿ ಸಾಗಿ, ತಾಳಿಕೋಟೆಯನ್ನು ದಾಟಿ ಕೃಷ್ಣೆಯನ್ನು ಸೇರುತ್ತದೆ. ಆದ್ದರಿಂದ ಕೃಷ್ಣೆಯ ನೀರು ನಗರ ಸೇರಬೇಕಾದರೆ ಡೋಣಿಯನ್ನು ದಾಟಲೇಬೇಕು. ನದಿಯ ಉತ್ತರ ದಂಡೆಯ ಹಳ್ಳಿಗಳಿಗೆ ದಕ್ಷಿಣದಿಂದ ಬರುವ ಬಹುಗ್ರಾಮ ಕುಡಿಯುವ ನೀರಿನ ಯೋಜನೆಗಳ ಕೊಳವೆಗಳಿಗೂ ಇದೇ ಕಟ್ಟಳೆ. ಆಲಮಟ್ಟಿಯ ಈಗಿನ ಪೂರ್ಣ ಜಲಮಟ್ಟ ಸಮುದ್ರಮಟ್ಟದಿಂದ 519.6 ಮೀಟರ್, ನಗರ ನಿಂತಿರುವ ನೆಲ ಸುಮಾರು 600 ಮೀಟರ್. ಅಂದರೆ ಜಲಾಶಯ ತುಂಬಿದ ದಿನವೂ ನೀರನ್ನು ಸುಮಾರು 80 ಮೀಟರ್ ಮೇಲೆತ್ತಬೇಕು, ಕೊಳವೆಯೊಳಗಿನ ಘರ್ಷಣೆಯಿಂದಾಗುವ ನಷ್ಟ ಅದಕ್ಕೆ ಹೊರತು. 2011ರ ಜನಗಣತಿಯ ಸುಮಾರು 3.27 ಲಕ್ಷ ಜನಸಂಖ್ಯೆಗೆ ತಲಾ ದಿನಕ್ಕೆ 135 ಲೀಟರಿನ ರಾಷ್ಟ್ರೀಯ ಮಾನದಂಡವನ್ನು ಹಚ್ಚಿದರೂ ದಿನಕ್ಕೆ 4.4 ಕೋಟಿ ಲೀಟರ್ ಬೇಕಾಗುತ್ತದೆ. ಊರು ಅಂದಿಗಿಂತ ಇಂದು ದೊಡ್ಡದಾಗಿದೆಯೆಂಬುದನ್ನು ಹೇಳಬೇಕಾಗಿಲ್ಲ.

ನೀರನ್ನು ದೂರದಿಂದ ತರುವ ವಿದ್ಯೆ ಈ ಊರಿಗೆ ಹೊಸದಲ್ಲ. ಆದಿಲಶಾಹಿ ಅರಸರ ಕಾಲದಲ್ಲಿ ತೊರವಿಯ ಕಡೆಯಿಂದ ನೆಲದಡಿಯ ಸುರಂಗಗಳ ಮೂಲಕವೂ, 1651ರಲ್ಲಿ ಮುಹಮ್ಮದ್ ಆದಿಲ್ ಶಾಹ ಕಟ್ಟಿಸಿದ ಬೇಗಂ ತಲಾಬಿನಿಂದ ಗಾರೆಕಟ್ಟಡದೊಳಗೆ ಹುದುಗಿಸಿದ ಮಣ್ಣಿನ ಕೊಳವೆಗಳ ಮೂಲಕವೂ ನಗರಕ್ಕೆ ನೀರು ಬರುತ್ತಿತ್ತು. ಆ ಮಾರ್ಗದಲ್ಲಿ ಅಲ್ಲಲ್ಲಿ ಕಟ್ಟಿದ, ಇಂದಿಗೂ ನಗರದಲ್ಲಿ ಕಾಣುವ 'ಗಂಜ್' ಎಂಬ ಕಲ್ಲಿನ ನೀರುಗೋಪುರಗಳ ಉದ್ದೇಶ ಎರಡು: ಕೊಳವೆಯಲ್ಲಿ ಕೂಡುವ ಒತ್ತಡವನ್ನು ತೆರೆದ ಗಾಳಿಗೆ ಬಿಟ್ಟು ಇಳಿಸುವುದು, ಮತ್ತು ನೀರಿನೊಂದಿಗೆ ಬಂದ ಹೂಳನ್ನು ತಳದಲ್ಲಿ ನಿಲ್ಲಿಸುವುದು. ಸುಟ್ಟ ಮಣ್ಣಿನ ಕೊಳವೆ ಎಷ್ಟು ಒತ್ತಡ ತಾಳೀತೆಂಬುದನ್ನು ಆ ಕಾಲದ ಕುಶಲಿಗರು ಅರಿತಿದ್ದರು, ಮತ್ತು ಕೊಳವೆಯ ಬಲಕ್ಕಿಂತ ಹೆಚ್ಚಿನ ಭಾರವನ್ನು ಅದರ ಮೇಲೆ ಹೊರಿಸಲಿಲ್ಲ. ಈಗಿನ ಉಕ್ಕಿನ ಕೊಳವೆಗೆ ಆ ಗೋಪುರಗಳ ಅಗತ್ಯವಿಲ್ಲದಿರಬಹುದು, ಆದರೆ ಅವು ಉತ್ತರಿಸಿದ ಪ್ರಶ್ನೆ ಡೋಣಿಯ ದಂಡೆಯಲ್ಲಿ ಹಾಗೆಯೇ ಇದೆ.

ಕಾರಣ, ಕೊಳವೆಮಾರ್ಗವು ನದಿಯನ್ನು ದಾಟುವುದು ಕಣಿವೆಯ ತಗ್ಗಿನಲ್ಲಿ. ತುಂಬಿದ ಕೊಳವೆಯಲ್ಲಿ ಪ್ರತಿ 10 ಮೀಟರ್ ಇಳಿತಕ್ಕೆ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋಗ್ರಾಂ ಒತ್ತಡ ಏರುತ್ತದೆ. ಆದ್ದರಿಂದ ಆಚೀಚೆಯ ದಿಬ್ಬಗಳಲ್ಲಿ ಹಗುರಾಗಿ ದುಡಿಯುವ ಕೊಳವೆಯೇ ನದಿಯ ತಗ್ಗಿನಲ್ಲಿ ಹೆಚ್ಚಿನ ಒತ್ತಡಕ್ಕೆ ಸಿಲುಕುತ್ತದೆ. ಇದರ ಮೇಲೆ ಜಲಾಘಾತವೆಂಬುದೊಂದಿದೆ. ಪಂಪುಗಳು ನಡೆಯುತ್ತಿರುವಾಗ ವಿದ್ಯುತ್ತು ಹಠಾತ್ತಾಗಿ ಹೋದರೆ, ಕಿಲೋಮೀಟರುಗಟ್ಟಲೆ ಉದ್ದದ ನೀರಿನ ಕಂಬವು ತನ್ನ ವೇಗವನ್ನು ಒಮ್ಮೆಲೇ ಕಳೆದುಕೊಳ್ಳುತ್ತದೆ. ಆ ಬದಲಾವಣೆ ಒತ್ತಡದ ಅಲೆಯಾಗಿ ಉಕ್ಕಿನ ಕೊಳವೆಯಲ್ಲಿ ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರ್ ವೇಗದಲ್ಲಿ ಹಿಂದೆ ಮುಂದೆ ಓಡಾಡುತ್ತದೆ. ಸೆಕೆಂಡಿಗೆ ಒಂದು ಮೀಟರ್ ವೇಗದ ನೀರು ಥಟ್ಟನೆ ನಿಂತಲ್ಲಿ ಹುಟ್ಟುವ ಹೆಚ್ಚುವರಿ ಒತ್ತಡ ಸುಮಾರು 100 ಮೀಟರ್ ಎತ್ತರದ ನೀರಿನ ಕಂಬದಷ್ಟು. ಜಾಕ್‌ವೆಲ್ಲಿನಲ್ಲಿ, ಅಂದರೆ ನದಿಯಂಚಿನಲ್ಲಿ ನೀರೆತ್ತುವ ಬಾವಿಮನೆಯಲ್ಲಿ ವಿದ್ಯುತ್ತು ಹೋದ ಕ್ಷಣದ ಪೆಟ್ಟು ಮೈಲುಗಟ್ಟಲೆ ಆಚೆ, ಕೊಳವೆ ದುರ್ಬಲವಾಗಿರುವ ಜಾಗದಲ್ಲಿ ಬೀಳುವುದು ಹೀಗೆ. ಒತ್ತಡದ ಅಲೆಯ ಇಳಿಮುಖದಲ್ಲಿ ಕೊಳವೆಯೊಳಗೆ ನಿರ್ವಾತದಂತಹ ಸ್ಥಿತಿಯೂ ಉಂಟಾಗಬಹುದು. ಆಗ ಸೀಳಿರುವ ಜೋಡಣೆಗಳು ಹೊರಗಿನ ನೀರನ್ನು ಒಳಕ್ಕೆ ಹೀರಿಕೊಳ್ಳುತ್ತವೆ, ಮತ್ತು ಇಲ್ಲಿ ಹೊರಗಿರುವುದು ಡೋಣಿಯ ನೀರು.

ಬಾಗುಗಳ ವಿಚಾರ ಇನ್ನೂ ಕಠಿಣ. ನೆಲದಿಂದ ಮೇಲೆದ್ದು, ಅಡ್ಡ ತಿರುಗಿ, ನದಿ ದಾಟಿ, ಮತ್ತೆ ನೆಲಕ್ಕಿಳಿಯುವ ಕೊಳವೆಗೆ ಕನಿಷ್ಠ ನಾಲ್ಕು ಬಾಗುಗಳಿರುತ್ತವೆ, ಮತ್ತು ಪ್ರತಿ ಬಾಗಿನಲ್ಲೂ ಒಳಗಿನ ನೀರು ಕೊಳವೆಯನ್ನು ಹೊರಕ್ಕೆ ತಳ್ಳುತ್ತಿರುತ್ತದೆ. ಉದಾಹರಣೆಗೆ 600 ಮಿಲಿಮೀಟರ್ ವ್ಯಾಸದ ಕೊಳವೆಯಲ್ಲಿ 10 ಬಾರ್ ಒತ್ತಡವಿದ್ದರೆ, 90 ಡಿಗ್ರಿಯ ಬಾಗಿನ ಮೇಲಿನ ತಳ್ಳು ಸುಮಾರು 40 ಟನ್. ಈ ತಳ್ಳನ್ನು ತಡೆಯುವುದಕ್ಕೆ ಬಾಗಿನ ಬೆನ್ನಿಗೆ ಕಟ್ಟುವ ಕಾಂಕ್ರೀಟಿನ ದಿಮ್ಮಿಯನ್ನು ಥ್ರಸ್ಟ್ ಬ್ಲಾಕ್ ಎನ್ನುತ್ತಾರೆ. ಆ ದಿಮ್ಮಿಯ ಬಲವೆಲ್ಲ ಅದರ ಹಿಂದಿನ ಮಣ್ಣಿನಿಂದ ಬರುವಂಥದು. ಡೋಣಿಯ ದಂಡೆಯ ಮಣ್ಣೋ, ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುವ ಎರೆ. ಚೈತ್ರದಲ್ಲಿ ದಿಮ್ಮಿಯ ಹಿಂದೆ ಬಿರುಕಿದ್ದರೆ ಅದು ಯಾವುದಕ್ಕೆ ಒರಗಿ ನಿಂತೀತು? ಕಪ್ಪು ಮಣ್ಣಿನ ಸೀಮೆಯಲ್ಲಿ ಕೊಳವೆಯ ಸುತ್ತ ಮರಳನ್ನೋ ಮುರ್ರಂ ಮಣ್ಣನ್ನೋ ತುಂಬಬೇಕು, ದಿಮ್ಮಿಯನ್ನು ಗಟ್ಟಿ ಪದರದ ಮೇಲೆ ಕೂರಿಸಬೇಕು ಎಂಬುದು ಇಲ್ಲಿನ ಕಂತ್ರಾಟುದಾರರಿಗೂ ತಿಳಿದ ಮಾತೇ. ಅಗೆದ ಎರೆಯನ್ನೇ ಮತ್ತೆ ಗುಂಡಿಗೆ ಮುಚ್ಚುವುದು ಅಗ್ಗವಾದ್ದರಿಂದ ಅದು ನಡೆದುಹೋಗುತ್ತದೆ.

ಇನ್ನು ಉಪ್ಪು. ಡೋಣಿಯ ನೀರು ಸವುಳೆಂಬುದು ನದಿಯಂಚಿನ ಪ್ರತಿ ಊರಿಗೂ ಗೊತ್ತು. ಕುಡಿಯುವುದಕ್ಕೆ ಒದಗದ ಆ ನೀರು ಕಬ್ಬಿಣಕ್ಕೂ ಕಾಂಕ್ರೀಟಿಗೂ ಹಿತವಲ್ಲ. ಉಪ್ಪಿನೊಳಗಿನ ಕ್ಲೋರೈಡು ಉಕ್ಕಿನ ಮೇಲ್ಮೈಯ ರಕ್ಷಕ ಪೊರೆಯನ್ನು ಮುರಿಯುತ್ತದೆ, ಸಲ್ಫೇಟು ಸಿಮೆಂಟಿನೊಡನೆ ಬೆರೆತು ಉಬ್ಬಿ ಕಾಂಕ್ರೀಟನ್ನು ಒಡೆಯುತ್ತದೆ. ಪೂರ್ವಬಿಗಿತದ ಕಾಂಕ್ರೀಟು ಕೊಳವೆ, ಅಂದರೆ ಬಿಗಿದು ಸುತ್ತಿದ ಉಕ್ಕಿನ ತಂತಿಗಳ ಬಲದಿಂದಲೇ ಒಳಗಿನ ಒತ್ತಡವನ್ನು ತಾಳುವ ಕೊಳವೆ, ಇಂತಹ ನೆಲದಲ್ಲಿ ವಿಶೇಷವಾಗಿ ಅಪಾಯಕಾರಿ, ಏಕೆಂದರೆ ತಂತಿಗಳು ಒಳಗೊಳಗೇ ಒಂದೊಂದಾಗಿ ಕಡಿಯುತ್ತಿದ್ದರೂ ಹೊರಗೆ ಸೋರಿಕೆಯ ಗುರುತೇ ಕಾಣದೆ ಒಂದು ದಿನ ಕೊಳವೆ ಸ್ಫೋಟಿಸುತ್ತದೆ. ಕೆನಡಾದ ಕ್ಯಾಲ್ಗರಿ ನಗರದಲ್ಲಿ 1975ರಲ್ಲಿ ಹಾಕಿದ್ದ ಇಂತಹದೇ ಬೃಹತ್ ಕೊಳವೆ 2024ರ ಜೂನ್ 5ರಂದು ಒಡೆದು, ಹತ್ತು ಲಕ್ಷಕ್ಕೂ ಮಿಕ್ಕ ಜನ ವಾರಗಟ್ಟಲೆ ನೀರಿನ ಮಿತವ್ಯಯಕ್ಕೆ ಒಳಗಾದರು. ತನಿಖೆಯಲ್ಲಿ ಹೊರಬಂದ ಕಾರಣಗಳಲ್ಲಿ ಸುತ್ತಲಿನ ಮಣ್ಣಿನಲ್ಲಿದ್ದ ಕ್ಲೋರೈಡು ಮುಖ್ಯವಾದದ್ದು. ಅಲ್ಲಿ ಹಿಮ ಕರಗಿಸಲು ರಸ್ತೆಗೆ ಸುರಿಯುವ ಉಪ್ಪು ಅದರ ಮೂಲವಾಗಿದ್ದರೆ, ಇಲ್ಲಿ ಅದು ನೆಲದಲ್ಲೇ ಇದೆ. ನೂರು ವರ್ಷ ಬಾಳಬೇಕೆಂದು ಹಾಕಿದ್ದ ಕೊಳವೆಗೆ 49 ವರ್ಷ ಸಾಕಾಯಿತು. ನಮ್ಮ ದೇಶದ ಕೇಂದ್ರೀಯ ಕೈಪಿಡಿ ಮುಖ್ಯ ಕೊಳವೆಮಾರ್ಗಗಳಿಗೆ ಇಟ್ಟಿರುವ ವಿನ್ಯಾಸಾವಧಿ 30 ವರ್ಷ. ಆ ಗಡಿ ದಾಟಿದ ಕೊಳವೆ ಸವುಳು ನೆಲದಲ್ಲಿದ್ದರೆ, ಅದು ಇನ್ನೂ ಒಡೆದಿಲ್ಲವೆಂಬುದು ಅದರ ಗಟ್ಟಿತನದ ಪುರಾವೆಯಾಗಲಾರದು.

ಆದ್ದರಿಂದ ಹೊಸ ಕೊಳವೆಯ ಆಯ್ಕೆಯಲ್ಲಿ ಬೆಲೆಪಟ್ಟಿಗಿಂತ ಮುಂಚೆ ಮಣ್ಣು ಮತ್ತು ನೀರಿನ ಪರೀಕ್ಷೆಯ ವರದಿ ಮೇಜಿನ ಮೇಲಿರಬೇಕು. ಆ ಪರೀಕ್ಷೆಯನ್ನು ಮಳೆಗಾಲದ ತುಂಬು ಹರಿವಿನಲ್ಲಿ ಮಾಡಿದರೆ ಉಪ್ಪು ಕಡಿಮೆ ತೋರುತ್ತದೆ. ಬೇಸಿಗೆಯಲ್ಲಿ ಮಡುಗಳಲ್ಲಿ ಉಳಿದ ನೀರನ್ನೂ, ದಂಡೆಯ ಮಣ್ಣನ್ನೂ ಪರೀಕ್ಷಿಸಿದಾಗಲೇ ನಿಜ ತಿಳಿಯುವುದು. ನದಿ ದಾಟುವ ಭಾಗಕ್ಕೆ ಬೆಸುಗೆ ಹಾಕಿದ ಉಕ್ಕಿನ ಕೊಳವೆ, ಒಳಗೆ ಸಿಮೆಂಟು ಗಾರೆಯ ಲೇಪ, ಹೊರಗೆ ದಪ್ಪನೆಯ ಪಾಲಿಥಿನ್ ಅಥವಾ ಎಪಾಕ್ಸಿ ಲೇಪ, ನೆಲದಲ್ಲಿ ಹುದುಗಿದ ಭಾಗಕ್ಕೆ ಬಲಿಲೋಹದ ರಕ್ಷಣೆ ಎಂಬುದು ಸಮಂಜಸವಾದ ಆಯ್ಕೆಯಾಗಿ ತೋರುತ್ತದೆ. ಬಲಿಲೋಹವೆಂದರೆ ಉಕ್ಕಿಗೆ ತಂತಿಯಿಂದ ಜೋಡಿಸಿ ಮಣ್ಣಿನಲ್ಲಿ ಹೂಳುವ ಮೆಗ್ನೀಸಿಯಂ ಗಟ್ಟಿ. ತಾನು ಸವೆದು ಉಕ್ಕನ್ನು ಉಳಿಸುವ ಅದನ್ನು ಕೆಲವು ವರ್ಷಗಳಿಗೊಮ್ಮೆ ಬದಲಿಸಬೇಕಾಗುತ್ತದೆ, ಮತ್ತು ಆ ಖರ್ಚು ನಿರ್ವಹಣೆಯ ಬಾಬತ್ತಿನಲ್ಲಿ ಮೊದಲೇ ನಮೂದಾಗಿರದಿದ್ದರೆ ಯಾರೂ ಬದಲಿಸುವುದಿಲ್ಲ. ಡಕ್ಟೈಲ್ ಕಬ್ಬಿಣದ ಕೊಳವೆ ನೆಲದಡಿಗೆ ಒಳ್ಳೆಯದೇ; ಆದರೆ ಅದರ ಸಾಮಾನ್ಯ ತೂರುಜೋಡಣೆ, ಅಂದರೆ ಒಂದರ ಬಾಯಿಗೆ ಇನ್ನೊಂದರ ತುದಿಯನ್ನು ರಬ್ಬರು ಉಂಗುರದೊಡನೆ ತೂರಿಸುವ ವಿಧಾನ, ಎಳೆತವನ್ನು ತಡೆಯುವುದಿಲ್ಲವಾದ್ದರಿಂದ ನದಿಯ ಮೇಲೆ ಅದನ್ನು ಬಳಸುವುದಾದರೆ ಬಿಗಿಹಿಡಿತದ ಜೋಡಣೆಗಳೇ ಬೇಕು. ಅಡಿಪಾಯದ ಕಾಂಕ್ರೀಟಿನಲ್ಲಿಯೂ ಒಂದು ಸೂಕ್ಷ್ಮವಿದೆ: ಸಲ್ಫೇಟು ಮಾತ್ರವಿದ್ದರೆ ಸಲ್ಫೇಟು ನಿರೋಧಕ ಸಿಮೆಂಟು ಸಾಕು, ಕ್ಲೋರೈಡೂ ಜೊತೆಗಿದ್ದರೆ ಊದುಕುಲುಮೆಯ ಕಿಟ್ಟವನ್ನು ಬೆರೆಸಿದ ಸ್ಲ್ಯಾಗ್ ಸಿಮೆಂಟು ಮೇಲು. ಟೆಂಡರಿನಲ್ಲಿ ಬರಿದೇ 'ಉತ್ತಮ ಸಿಮೆಂಟು' ಎಂದು ಬರೆದರೆ ಈ ವ್ಯತ್ಯಾಸ ಉಳಿಯುವುದಿಲ್ಲ.

ಕೊಳವೆ ಯಾವುದರ ಮೇಲೆ ಕೂರಬೇಕೆಂಬುದೇ ಈ ಪತ್ರದ ನಡುವಿನ ಪ್ರಶ್ನೆ. ರಸ್ತೆ ಸೇತುವೆಯ ಪಕ್ಕೆಗೆ ಕಬ್ಬಿಣದ ತೋಳುಗಳನ್ನು ಚಾಚಿ ಕೊಳವೆಯನ್ನು ತೂಗುಹಾಕುವುದು ಎಲ್ಲಕ್ಕಿಂತ ಅಗ್ಗದ ದಾರಿ, ಹಾಗಾಗಿಯೇ ಎಲ್ಲರಿಗೂ ಮೊದಲು ಹೊಳೆಯುವ ದಾರಿ. 600 ಮಿಲಿಮೀಟರ್ ಕೊಳವೆಯ ಪ್ರತಿ ಮೀಟರಿನಲ್ಲಿ ನೀರೇ 283 ಕಿಲೋಗ್ರಾಂ. 20 ಮೀಟರಿನ ಒಂದು ಅಂಕಣಕ್ಕೆ ಐದೂವರೆ ಟನ್ನಿಗೂ ಮಿಕ್ಕ ಭಾರ, ಹಗಲಿರುಳು, ಒಂದೇ ಪಕ್ಕಕ್ಕೆ. ಆ ಸೇತುವೆಯನ್ನು ವಿನ್ಯಾಸಗೊಳಿಸಿದವರು ಈ ಭಾರವನ್ನು ಎಣಿಸಿದ್ದರೇ ಎಂಬುದನ್ನು ಕೇಳದೆ ತೋಳು ಚಾಚುವಂತಿಲ್ಲ. ಇದಕ್ಕಿಂತ ಮುಖ್ಯವಾದ ಮಾತೆಂದರೆ, ಸೇತುವೆಗೆ ಕಟ್ಟಿದ ಕೊಳವೆಯ ಆಯುಸ್ಸು ಸೇತುವೆಯ ಆಯುಸ್ಸಿಗೆ ಗಂಟುಬೀಳುತ್ತದೆ. ಮಹಾರಾಷ್ಟ್ರದ ಮಹಾಡದಲ್ಲಿ 1928ರಲ್ಲಿ ಕಟ್ಟಿದ್ದ ಸಾವಿತ್ರಿ ನದಿಯ ಸೇತುವೆ 2016ರ ಆಗಸ್ಟ್ 2ರ ರಾತ್ರಿ ಮಹಾಪೂರದಲ್ಲಿ ಕೊಚ್ಚಿಹೋಯಿತು, ಬಸ್ಸುಗಳೊಡನೆ ಜನರೂ ಹೋದರು. ಕಾರವಾರದಲ್ಲಿ ಕಾಳಿ ನದಿಯ ಹಳೆಯ ಸೇತುವೆ 2024ರ ಆಗಸ್ಟ್ 7ರ ನಸುಕಿನಲ್ಲಿ ಕುಸಿದು ಲಾರಿಯೊಂದು ನದಿಗೆ ಬಿತ್ತು. ಸೇತುವೆ ಹೋದರೆ ವಾಹನಗಳು ಸುತ್ತುಬಳಸಿ ಬೇರೆ ದಾರಿಯಲ್ಲಿ ಹೋಗಬಲ್ಲವು, ನೀರಿಗೆ ಸುತ್ತುದಾರಿಯಿಲ್ಲ. ಸೇತುವೆಯನ್ನು ಅಗಲಿಸುವ, ದುರಸ್ತಿ ಮಾಡುವ, ಕೆಡವಿ ಕಟ್ಟುವ ಸಂದರ್ಭ ಬಂದಾಗಲೆಲ್ಲ ಕೊಳವೆಯೂ ಜಾಗ ಬಿಡಬೇಕಾಗುತ್ತದೆ, ಆಗ ನಗರದ ನಲ್ಲಿಗಳ ವೇಳಾಪಟ್ಟಿಯನ್ನು ಬರೆಯುವುದು ಹೆದ್ದಾರಿ ಇಲಾಖೆ.

ಎರಡನೆಯ ದಾರಿ ನದೀತಳದ ಕೆಳಗೆ ಕೊಳವೆಯನ್ನು ಹುದುಗಿಸುವುದು. ತೆರೆದ ಕಂದಕದಲ್ಲಿ ಹಾಕಿ ಕಾಂಕ್ರೀಟು ಹೊದಿಸುವುದೊಂದು ಬಗೆ, ನೆಲ ಅಗೆಯದೆಯೇ ಒಂದು ದಂಡೆಯಿಂದ ಇನ್ನೊಂದಕ್ಕೆ ಓರೆಯಾಗಿ ಕೊರೆದು ಎಳೆಯುವುದು ಇನ್ನೊಂದು. ಎರಡರಲ್ಲೂ ಕೊಳವೆ ಪ್ರವಾಹದ ದಾರಿಯಿಂದ ಸರಿದು ಕೂರುತ್ತದೆ, ಅದು ದೊಡ್ಡ ಲಾಭ. ಆದರೆ ಎರೆಯ ಕೆಳಗಿರುವುದು ದಖ್ಖನ್ನಿನ ಕಪ್ಪುಕಲ್ಲು, ಅದನ್ನು ಕೊರೆಯುವ ವೆಚ್ಚ ಹೆಚ್ಚು. ಮೇಲಾಗಿ ಸವುಳು ನೀರಿನಲ್ಲಿ ಸದಾ ನೆನೆದಿರುವ, ಕಣ್ಣಿಗೆ ಕಾಣದ, ಸೋರಿದರೂ ತಿಳಿಯದ ಕೊಳವೆಯನ್ನು ಕಾಯುವುದು ಕಷ್ಟ. ಮೂರನೆಯದು, ಕೊಳವೆಗೆಂದೇ ಬೇರೆ ಕಂಬಗಳನ್ನೆತ್ತಿ ಸ್ವತಂತ್ರ ಸೇತುವೆ ಕಟ್ಟುವುದು. ಮೊದಲಿಗೆ ಹಣ ಹೆಚ್ಚು ಬೇಡಿದರೂ ಕಣ್ಣಿಗೆ ಕಾಣುವ, ನಡೆದು ಪರೀಕ್ಷಿಸಬಹುದಾದ, ಬಣ್ಣ ಬಳಿದು ಕಾಪಾಡಬಹುದಾದ ಈ ದಾರಿಯೇ ಡೋಣಿಗೆ ಹೊಂದುವಂಥದು ಎಂಬುದು ಈ ಪತ್ರದ ನಿಲುವು. ಬಿಸಿಲಿಗೆ ಉಕ್ಕು ಹಿಗ್ಗುವುದನ್ನು ಇಲ್ಲಿ ಎಣಿಸಬೇಕು: 30 ಡಿಗ್ರಿ ಉಷ್ಣತೆಯ ವ್ಯತ್ಯಾಸಕ್ಕೆ 100 ಮೀಟರ್ ಉಕ್ಕು ಸುಮಾರು 36 ಮಿಲಿಮೀಟರ್ ಹಿಗ್ಗುತ್ತದೆ, ಮತ್ತು ನೀರಿಲ್ಲದೆ ಖಾಲಿ ನಿಂತ ಕೊಳವೆ ವಿಜಯಪುರದ ಮೇ ತಿಂಗಳಲ್ಲಿ ಅಷ್ಟು ಕಾಯುವುದು ಸಹಜ; ಜಾರುಪೀಠಗಳೂ ಹಿಗ್ಗುಜೋಡಣೆಗಳೂ ಇಲ್ಲದಿದ್ದರೆ ಆ ಹಿಗ್ಗು ಬಾಗುಗಳನ್ನೇ ಮುರಿಯುತ್ತದೆ.

ಸ್ವತಂತ್ರ ಸೇತುವೆಯ ಮಾತು ಬಂದಾಗಲೇ ತಿಕೋಟಾ ಮತ್ತು ಬಬಲೇಶ್ವರದವರ ಕುರ್ಚಿ ಸಭೆಯಲ್ಲಿರಬೇಕು. ಡೋಣಿಯ ಪಾತ್ರದ ಇಳಿಜಾರು ಮೆಲುವಾದದ್ದು, ಹೂಳು ತುಂಬಿ ಆಳ ಕಳೆದುಕೊಂಡದ್ದು, ದಂಡೆಗಳಲ್ಲಿ ಬಳ್ಳಾರಿ ಜಾಲಿ ದಟ್ಟವಾಗಿ ಬೆಳೆದದ್ದು. ಇಂತಹ ನದಿಯಲ್ಲಿ ತಗ್ಗಾಗಿ ಅಡ್ಡಹಾಯುವ ಕೊಳವೆ ಮತ್ತು ಒತ್ತೊತ್ತಾಗಿ ನಿಲ್ಲಿಸಿದ ಕಂಬಗಳು ಮಹಾಪೂರದಲ್ಲಿ ಬರುವ ಜಾಲಿಯ ಕಂಟಿ, ದಂಟು, ಕಸವನ್ನೆಲ್ಲ ಹಿಡಿದು ನಿಲ್ಲಿಸಿ ತಾವೇ ಒಡ್ಡಿನಂತಾಗುತ್ತವೆ. ಅಡಚಣೆಯ ಮೇಲ್ಬದಿಯಲ್ಲಿ ಹೀಗೆ ನೀರು ಏರುವುದನ್ನು ಜಲಶಾಸ್ತ್ರದಲ್ಲಿ ಹಿನ್ನೀರೇರಿಕೆ ಎನ್ನಬಹುದು. ಇಳಿಜಾರು ಕಡಿಮೆಯಿದ್ದಷ್ಟೂ ಅದು ಮೇಲಕ್ಕೆ ದೂರ ಚಾಚುತ್ತದೆ. 2009ರ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಆರಂಭದವರೆಗೆ ಉತ್ತರ ಕರ್ನಾಟಕವನ್ನು ಮುಳುಗಿಸಿದ ಮಳೆಯನ್ನು ಕಂಡ ಈ ಜಿಲ್ಲೆಗೆ, ಬತ್ತಿದ ಹಳ್ಳದಂತೆ ಕಾಣುವ ಡೋಣಿ ಒಂದೇ ರಾತ್ರಿಯಲ್ಲಿ ಹೊಲ–ರಸ್ತೆಗಳನ್ನು ಒಂದು ಮಾಡುವುದು ಅಪರಿಚಿತವಲ್ಲ. ಹೀಗೆ ನಗರದ ಉಳಿತಾಯಕ್ಕೆಂದು ಎರಡು ಮೀಟರ್ ತಗ್ಗಿಸಿದ ಕೊಳವೆಯ ಬೆಲೆಯನ್ನು ಮೇಲಿನ ಹೊಲದವನು ತೆರುವಂತಾಗುತ್ತದೆ. ಮೇಲ್ಭಾಗದ ಹಳ್ಳಿಗಳ ಯೋಜನೆಗಳಿಗಾಗಿ ನದಿ ದಾಟುವ ಕೊಳವೆಗಳಿಗೂ ಇದೇ ಅಳತೆಗೋಲು ಸಲ್ಲುತ್ತದೆಂಬುದನ್ನು ಆ ಎರಡು ತಾಲ್ಲೂಕುಗಳ ಪ್ರತಿನಿಧಿಗಳೂ ಒಪ್ಪಬೇಕು. ಪ್ರತಿ ಅಡ್ಡದಾಟಿಗೂ ಹಿನ್ನೀರೇರಿಕೆ ಎಷ್ಟು, ಅದು ಎಲ್ಲಿಯವರೆಗೆ ಮುಟ್ಟುತ್ತದೆ, ದಾಖಲಾದ ಅತಿಹೆಚ್ಚು ಪ್ರವಾಹಮಟ್ಟಕ್ಕಿಂತ ಕೊಳವೆಯ ತಳ ಎಷ್ಟು ಮೇಲಿದೆ ಎಂಬ ಲೆಕ್ಕವನ್ನು ಕನ್ನಡದಲ್ಲಿ ಬರೆದು ನದಿಯಂಚಿನ ಗ್ರಾಮ ಪಂಚಾಯಿತಿಗಳ ಮುಂದಿಟ್ಟ ಮೇಲೆಯೇ ಟೆಂಡರು ಕರೆಯುವುದು ನ್ಯಾಯ.

ದೊಡ್ಡ ನದಿಯ ನೀರು ಸಣ್ಣ ಹೊಳೆಯ ಮುನಿಸಿಗೆ ನಿಂತುಹೋಗುವುದಕ್ಕೆ ರಾಜ್ಯದಲ್ಲೇ ನಿದರ್ಶನವಿದೆ. 2022ರ ಸೆಪ್ಟೆಂಬರ್ ಮೊದಲ ವಾರದಲ್ಲಿ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯ ಕಾವೇರಿ ಪಂಪಿಂಗ್ ಕೇಂದ್ರಕ್ಕೆ ಭೀಮೇಶ್ವರ ಹೊಳೆ ಉಕ್ಕಿ ನುಗ್ಗಿದಾಗ ಬೆಂಗಳೂರಿನ ಬಹುಭಾಗಕ್ಕೆ ನೀರು ನಿಂತಿತು. ಕಾವೇರಿಯಲ್ಲಿ ನೀರಿಗೆ ಆಗ ಕೊರತೆಯಿರಲಿಲ್ಲ.

ಕಾಲದ ಪ್ರಶ್ನೆ ಎಲ್ಲಕ್ಕಿಂತ ತೊಡಕಿನದು, ಮತ್ತು ಇಲಾಖೆಗಳ ಕಾಗದಗಳಲ್ಲಿ ಅದಕ್ಕೆ ಸಿಗುವ ಜಾಗ ಎಲ್ಲಕ್ಕಿಂತ ಕಡಿಮೆ. ನದಿಯ ದೃಷ್ಟಿಯಿಂದ ಕೆಲಸಕ್ಕೆ ಒಳ್ಳೆಯ ಕಾಲ ಡೋಣಿ ಇಳಿದ ಮೇಲೆ, ಡಿಸೆಂಬರಿನಿಂದ ಮೇ ತಿಂಗಳವರೆಗೆ. ಸೆಪ್ಟೆಂಬರ್ ಈ ಜಿಲ್ಲೆಗೆ ಅತಿಹೆಚ್ಚು ಮಳೆ ತರುವ ತಿಂಗಳಾದ್ದರಿಂದ ಅಕ್ಟೋಬರ್ ಮುಗಿಯುವ ಮುನ್ನ ನದಿಯೊಳಗೆ ಅಡಿಪಾಯ ತೋಡುವುದು ದುಸ್ಸಾಹಸ. ನಗರದ ದೃಷ್ಟಿಯಿಂದ ನೀರು ನಿಲ್ಲಿಸಲು ಅತ್ಯಂತ ಕೆಟ್ಟ ಕಾಲ ಏಪ್ರಿಲ್ ಮತ್ತು ಮೇ. ರೈತನ ದೃಷ್ಟಿಯಿಂದ ನೋಡಿದರೆ, ಡೋಣಿಯ ಎರೆಯಲ್ಲಿ ಹಿಂಗಾರಿ ಬಿಳಿಜೋಳ ಬಿತ್ತನೆಯಾಗುವುದು ಸೆಪ್ಟೆಂಬರ್–ಅಕ್ಟೋಬರಿನಲ್ಲಿ, ಕೊಯ್ಲು ಫೆಬ್ರುವರಿ–ಮಾರ್ಚಿನಲ್ಲಿ. ಡಿಸೆಂಬರಿನಲ್ಲಿ ಕೊಳವೆಗೆ ಕಂದಕ ತೋಡುವುದೆಂದರೆ ತೆನೆಗೆ ಬರುತ್ತಿರುವ ಮಾಲದಂಡಿ ಜೋಳದ ನಡುವೆ ಯಂತ್ರ ಓಡಿಸುವುದು. ಮೂರು ದೃಷ್ಟಿಗಳೂ ಸರಿಯೇ, ಮೂರೂ ಒಂದರೊಡನೊಂದು ಹೊಂದುವುದಿಲ್ಲ.

ಇವನ್ನು ಹೊಂದಿಸಲು ಇರುವ ಉಪಾಯ ಹಳೆಯ ಕೊಳವೆಯನ್ನು ಮುಟ್ಟದೆ ಅದರ ಪಕ್ಕದಲ್ಲಿ ಹೊಸ ದಾಟನ್ನು ಪೂರ್ತಿಯಾಗಿ ಕಟ್ಟಿ ಮುಗಿಸುವುದು. ಡಿಸೆಂಬರಿನಿಂದ ಫೆಬ್ರುವರಿಯವರೆಗೆ ನದಿಪಾತ್ರದೊಳಗಿನ ಕಂಬಗಳ ಕೆಲಸ, ಜೋಳದ ರಾಶಿಯಾದ ಮೇಲೆ ಮಾರ್ಚಿನಲ್ಲಿ ಹೊಲಗಳ ಮೂಲಕ ಹೋಗುವ ಕಂದಕ, ಆಮೇಲೆ ನೀರೊತ್ತಡದ ಪರೀಕ್ಷೆ. ಇಷ್ಟೂ ಆಗುವವರೆಗೆ ನಗರದ ನೀರು ಹಳೆಯ ಕೊಳವೆಯಲ್ಲೇ ಬರುತ್ತಿರುತ್ತದೆ. ಎರಡೂ ತುದಿಗಳಲ್ಲಿ ಹಳೆಯದನ್ನು ಕತ್ತರಿಸಿ ಹೊಸದಕ್ಕೆ ಕೂಡಿಸುವ ಕೆಲಸಕ್ಕೆ ಮಾತ್ರ ಸರಬರಾಜು ನಿಲ್ಲಬೇಕು. ಪರೀಕ್ಷೆ ಮುಗಿದ ಕೂಡಲೇ, ಬಿಸಿಲು ತನ್ನ ತುದಿಗೇರುವ ಮೊದಲು, ಭೂತನಾಳ ಕೆರೆಯನ್ನೂ ನಗರದ ಮೇಲ್ತೊಟ್ಟಿಗಳನ್ನೂ ತುಂಬಿಟ್ಟುಕೊಂಡು ಅದನ್ನು ಮಾಡಿದರೆ ಜನರ ತೊಂದರೆ ಕಡಿಮೆ. ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಗೆ ಊರು ತುಂಬುವ ದಿನಗಳಲ್ಲಿ ಯಾರೂ ಗರಗಸ ಹಿಡಿಯಬಾರದೆಂಬುದನ್ನು ಬರೆಯಬೇಕಾಗಿಲ್ಲವಾದರೂ, ಅಂಕಿಅಂಶಗಳಷ್ಟೇ ತುಂಬಿದ ಕಾಲಪಟ್ಟಿಗಳನ್ನು ಕಂಡಾಗ ಬರೆಯುವುದೇ ಮೇಲೆನಿಸುತ್ತದೆ. ನೀರು ನಿಲ್ಲುವ ದಿನಾಂಕವನ್ನು ಮುಂಚಿತವಾಗಿ ವಾರ್ಡುವಾರು ಸಾರಬೇಕು. ಟ್ಯಾಂಕರುಗಳ ಪಟ್ಟಿ ಆ ಪ್ರಕಟಣೆಯ ಭಾಗವಾಗಿರಬೇಕು, ಏಕೆಂದರೆ ಮನೆಯಲ್ಲಿ ಸಂಪು ಇರುವವರಿಗೆ ಎರಡು ದಿನದ ನಿಲುಗಡೆ ಸುದ್ದಿ ಮಾತ್ರ, ಕೊಡಗಳಲ್ಲಿ ನೀರು ತುಂಬಿಡುವವರಿಗೆ ಅದು ಸಂಕಟ.

ಹೊಸ ದಾಟಿನ ಎರಡೂ ದಂಡೆಗಳಲ್ಲಿ ಪ್ರವಾಹಮಟ್ಟಕ್ಕಿಂತ ಮೇಲೆ ಮುಚ್ಚುಕವಾಟಗಳಿರಬೇಕು. ಕೊಳವೆ ಒಡೆದಾಗ ಆ ಭಾಗವನ್ನು ಮಾತ್ರ ಬೇರ್ಪಡಿಸಲು ಅವಿಲ್ಲದಿದ್ದರೆ ಕಿಲೋಮೀಟರುಗಟ್ಟಲೆ ನೀರು ನದಿಗೆ ಹರಿದುಹೋಗುವವರೆಗೂ ದುರಸ್ತಿ ಆರಂಭವಾಗದು. ಸೇತುವೆಯ ಎತ್ತರದ ಬಿಂದುವಿನಲ್ಲಿ ಗಾಳಿಕವಾಟ, ತಗ್ಗಿನಲ್ಲಿ ಹೂಳು ಹೊರಹಾಕುವ ಕವಾಟ, ಪಂಪಿನ ಬಳಿ ಜಲಾಘಾತವನ್ನು ತಾಳುವ ಸಾಧನ, ಇವು ಮೂರೂ ಟೆಂಡರಿನ ಮೊತ್ತ ಇಳಿಸಬೇಕಾದಾಗ ಮೊದಲು ಕೈಬಿಡುವ ವಸ್ತುಗಳು. ಹಳೆಯ ಕೊಳವೆಯನ್ನು 'ಮುಂದೆ ಬೇಕಾದೀತು' ಎಂದು ಅಲ್ಲೇ ಬಿಡುವ ರೂಢಿಯೂ ನಿಲ್ಲಬೇಕು. ನೀರು ಹರಿಯದ ಉಕ್ಕು ಒಳಗಿನಿಂದ ತುಕ್ಕು ಹಿಡಿಯುತ್ತದೆ, ಹೊರಗಿನಿಂದ ಕಸ ಹಿಡಿಯುತ್ತದೆ; ಅದನ್ನು ಕೆಳಗಿಳಿಸಿ, ಕಂಬಗಳ ಬುಡವನ್ನು ತೆರವುಗೊಳಿಸುವ ಖರ್ಚನ್ನು ಮೂಲ ಅಂದಾಜಿನಲ್ಲೇ ಸೇರಿಸಬೇಕು.

ಇಷ್ಟಕ್ಕೂ ಒಂದೇ ಮೇಜಿಲ್ಲ ಎಂಬುದು ಮೂಲ ಅಡಚಣೆ. ನಗರದ ನೀರಿಗೆ ಕರ್ನಾಟಕ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿಯೂ ಪಾಲಿಕೆಯೂ, ಹಳ್ಳಿಗಳ ನೀರಿಗೆ ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯೂ, ಏತ ನೀರಾವರಿಗೆ ಕೃಷ್ಣಾ ಭಾಗ್ಯ ಜಲ ನಿಗಮವೂ, ರಸ್ತೆಗೆ ಹೆದ್ದಾರಿ ಪ್ರಾಧಿಕಾರ ಮತ್ತು ಲೋಕೋಪಯೋಗಿ ಇಲಾಖೆಯೂ, ಪಂಪಿನ ವಿದ್ಯುತ್ತಿಗೆ ಹೆಸ್ಕಾಮೂ ಬೇರೆಬೇರೆಯಾಗಿ ಉತ್ತರಿಸುತ್ತವೆ. ನಗರಗಳಿಗೆ ಅಮೃತ್, ಹಳ್ಳಿಗಳಿಗೆ ಜಲ ಜೀವನ್ ಎಂದು ಹಣದ ಕೊಳವೆಗಳೂ ಬೇರೆಯೇ. ಒಂದೇ ನದಿಯನ್ನು ಇಷ್ಟು ಸಂಸ್ಥೆಗಳು ತಮ್ಮ ತಮ್ಮ ನಕ್ಷೆ ಹಿಡಿದು ದಾಟುತ್ತಿರುವಾಗ, ಡೋಣಿಯನ್ನು ಅಡ್ಡಹಾಯುವ ಎಲ್ಲ ಕೊಳವೆಗಳನ್ನೂ ಒಂದೇ ಹಾಳೆಯಲ್ಲಿ ತೋರಿಸುವ ನಕ್ಷೆ ಜಿಲ್ಲಾಡಳಿತದ ಬಳಿ ಇರಬೇಕೆಂಬುದು ಅತಿ ಸಣ್ಣ ಬೇಡಿಕೆ. ಪ್ರತಿ ದಾಟಿನ ವಯಸ್ಸು, ವಸ್ತು, ವ್ಯಾಸ, ಕಳೆದ ವರ್ಷಗಳಲ್ಲಿ ಒಡೆದ ದಿನಾಂಕಗಳು, ದುರಸ್ತಿಗೆ ಹಿಡಿದ ಅವಧಿ, ಇವುಗಳ ವಹಿಯನ್ನು ಸಾರ್ವಜನಿಕರು ನೋಡುವಂತಿಡಬೇಕು. ಯಾವ ಕೊಳವೆಯನ್ನು ಮೊದಲು ಬದಲಿಸಬೇಕೆಂಬ ತೀರ್ಮಾನವು ಆಗ ಯಾರ ವಾರ್ಡಿನದು ಎಂಬುದನ್ನು ಬಿಟ್ಟು ಯಾವುದರ ಸ್ಥಿತಿ ಕೆಟ್ಟದ್ದು ಎಂಬುದರ ಮೇಲೆ ನಿಲ್ಲುತ್ತದೆ.

ಆದ್ದರಿಂದ ಮೂರೂ ಕಡೆಯ ಮಾನ್ಯ ಪ್ರತಿನಿಧಿಗಳಲ್ಲಿ ವಿನಂತಿಯೆಂದರೆ, ಡೋಣಿಯ ಅಡ್ಡದಾಟುಗಳ ಬಗೆಗೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಜಂಟಿ ಸಭೆಯೊಂದನ್ನು ಮುಂದಿನ ಮುಂಗಾರಿಗೆ ಮೊದಲೇ ಕರೆಯಿಸಬೇಕು, ಮಣ್ಣು–ನೀರಿನ ಪರೀಕ್ಷೆ ಮತ್ತು ಪ್ರವಾಹಮಟ್ಟದ ಲೆಕ್ಕ ಕೈಗೆ ಬರುವವರೆಗೆ ಯಾವ ದಾಟಿನ ಟೆಂಡರಿಗೂ ಒಪ್ಪಿಗೆ ಕೊಡಬಾರದು, ಮತ್ತು ಆ ಸಭೆಯಲ್ಲಿ ಸಾರವಾಡದ ರೈತನಿಗೂ ನಗರದ ವಾರ್ಡಿನ ಸದಸ್ಯರಿಗೂ ಒಂದೇ ಸಾಲಿನಲ್ಲಿ ಆಸನವಿರಬೇಕು.

ಇಂತಿ,
ವಿಜಯಪುರ ಜಿಲ್ಲೆಯ ನೀರಿನ ಹಿತೈಷಿಯೊಬ್ಬರು